ಜಾನುಭಂಗ

ನಮ್ಮ ಕವಿಗಳು ಮನುಷ್ಯಶರೀರದ ವರ್ಣನೆಗೆ ತೊಡಗಿದರೆಂದರೆ ಅವರ ಔದಾರ್ಯಕ್ಕೆ ಎಲ್ಲೆಯೆಂಬುದಿಲ್ಲ. ಪಾದಗಳಿಗೆ ಕಮಲದ ಪದವಿಯನ್ನು ದಯಪಾಲಿಸಿದರು. ತೊಡೆಗಳಿಗೆ ಬಾಳೆಯ ಕಂಬಗಳನ್ನು ಸರಿಗಟ್ಟಿದರು. ನಡುವನ್ನು ಸಿಂಹಕ್ಕೂ ನಡೆಯನ್ನು ಹಂಸಕ್ಕೂ ಒಪ್ಪಿಸಿ, ಹುಬ್ಬು ಮೂಗು ಕೊರಳುಗಳಿಗೆಲ್ಲ ಯಥೋಚಿತವಾದ ಉಪಮಾನಗಳನ್ನು ಹಂಚಿಕೊಟ್ಟರು. ಆದರೆ ಪಾದಕ್ಕೂ ತೊಡೆಗೂ ನಡುವೆ ನಿಂತು, ಮೇಲಿನ ಭಾರವನ್ನೆಲ್ಲ ಹೊತ್ತು ನೆಲಕ್ಕಿಳಿಸುವ ಕಾಯಕದಲ್ಲಿ ಎಚ್ಚರವಿರುವ ಹೊತ್ತೆಲ್ಲ ನಿರತವಾಗಿರುವ ಮೊಣಕಾಲನ್ನು ಮಾತ್ರ ಅವರು ಬಹುಮಟ್ಟಿಗೆ ಕಂಡೂ ಕಾಣದವರಂತೆ ದಾಟಿಹೋದರು. ಮಹಾಪುರುಷನನ್ನು ಆಜಾನುಬಾಹುವೆಂದು ಕೊಂಡಾಡುವಾಗ ಜಾನುವಿನ ಪ್ರಸ್ತಾಪ ಬರುವುದುಂಟು. ಅಲ್ಲಿಯೂ ಹೊಗಳಿಕೆ ಸಲ್ಲುವುದು ತೋಳಿಗೆ, ಮೊಣಕಾಲು ಕೇವಲ ಅಳತೆಯ ಗುರುತು. ದುರ್ಯೋಧನನ ತೊಡೆ ಮುರಿದದ್ದಕ್ಕೆ ಭಾಸನಿಂದೊಂದು ನಾಟಕವೂ ರನ್ನನಿಂದೊಂದು ಮಹಾಕಾವ್ಯವೂ ಹುಟ್ಟಿದವು. ಭೀಮಸೇನನ ಗದೆ ಒಂದು ಗೇಣು ಕೆಳಗೆ ಬಿದ್ದು ಊರುಭಂಗದ ಬದಲು ಜಾನುಭಂಗವಾಗಿದ್ದರೆ ಕವಿಗಳು ಲೇಖನಿಯನ್ನು ಕೆಳಗಿಟ್ಟು ಎದ್ದುಹೋಗುತ್ತಿದ್ದರೋ ಏನೋ. ಕೌರವೇಶ್ವರನಿಗೆ ಉಳಿಯುತ್ತಿದ್ದುದು ಬಿಸಿನೀರಿನ ಶಾಖ ಮತ್ತು ಬಂಧುಗಳ ಸಲಹೆ, ಇವೆರಡೇ.

ಗದೆಯ ಸಹಾಯವಿಲ್ಲದೆಯೇ ಜಾನುಭಂಗವನ್ನು ಸಂಪಾದಿಸಿಕೊಳ್ಳಬಹುದೆಂಬುದಕ್ಕೆ ನಾನು ಸಾಕ್ಷಿ. ಹುಡುಗುತನದಲ್ಲಿ ಖೊಖೊ ಮತ್ತು ಕಬಡ್ಡಿ, ಕಾಲೇಜಿನ ದಿನಗಳಲ್ಲಿ ಬಾಲ್ ಬ್ಯಾಡ್ಮಿಂಟನ್, ಸಂಸಾರವೂ ಉದ್ಯೋಗವೂ ಹೆಗಲೇರಿದ ಮೇಲೆ ಮೈಸೂರಿನ ನಮ್ಮ ಬಡಾವಣೆಯ ಸಂಜೆಯ ಶಟಲ್, ಹೀಗೆ ಒಂದಿಲ್ಲೊಂದು ಆಟ ನನ್ನನ್ನು ಬಿಡದೆ, ನಾನೂ ಅದನ್ನು ಬಿಡದೆ, ತಲೆಗೂದಲು ನರೆಯುವ ತನಕ ಜೊತೆಯಾಗಿಯೇ ನಡೆದುಬಂದಿದ್ದೆವು. ಕಬಡ್ಡಿಯ ಅಂಗಳದಲ್ಲಿ ನಾಲ್ವರು ದಾಂಡಿಗರು ಕಾಲು ಹಿಡಿದು ಎಳೆದಾಡಿದಾಗಲೂ ಜಗ್ಗದಿದ್ದ ನನ್ನ ಎಡಮೊಣಕಾಲನ್ನು ಕಡೆಗೆ ಕೆಡಹಿದ್ದು, ಬೆಂಡಿನ ತುಂಡೊಂದಕ್ಕೆ 16 ಗರಿಗಳನ್ನು ಸಿಕ್ಕಿಸಿದ, ಹೆಚ್ಚೆಂದರೆ 5.5 ಗ್ರಾಂ ತೂಗುವ ಶಟಲ್ ಕಾಕು. ಎದುರಾಳಿ ಅದನ್ನು ನನ್ನ ಹಿಂಬದಿಯ ಎಡಮೂಲೆಗೆ ಎತ್ತಿಹೊಡೆದನು. ನಾನು ಹಿಂದಕ್ಕೆ ಹಾರಿ, ಒಂಟಿಕಾಲ ಮೇಲೆ ಇಳಿದು, ಮೈಯನ್ನು ಬಲಕ್ಕೆ ತಿರುಗಿಸಿದೆನು. ಮೈ ತಿರುಗಿತು, ರಬ್ಬರಿನ ಅಟ್ಟೆಯ ಬೂಟು ನೆಲವನ್ನು ಕಚ್ಚಿ ಹಿಡಿದು ತಿರುಗಲೊಲ್ಲೆನೆಂದಿತು. ಇವರಿಬ್ಬರ ವ್ಯಾಜ್ಯದಲ್ಲಿ ನಡುವೆ ಸಿಕ್ಕಿಬಿದ್ದದ್ದು ಮೊಣಕಾಲು. ಒಳಗೆಲ್ಲೋ ‘ಟಪ್’ ಎಂಬ ಶಬ್ದವಾಯಿತು. ಪಕ್ಕದ ಕೋರ್ಟಿನವರು ರ‍್ಯಾಕೆಟ್ಟಿನ ತಂತಿ ಹರಿಯಿತೆಂದು ಭಾವಿಸಿ ಆಟ ಮುಂದುವರಿಸಿದರು. ಯಾರೂ ಮುಟ್ಟದೆ, ಯಾರೂ ತಳ್ಳದೆ, ತನ್ನ ವೇಗಕ್ಕೆ ತಾನೇ ತುತ್ತಾಗುವುದು ಈ ಪೆಟ್ಟಿನ ವೈಶಿಷ್ಟ್ಯ; ಆಟಗಾರರ ಮೊಣಕಾಲಿನ ಈ ಬಗೆಯ ಪೆಟ್ಟುಗಳಲ್ಲಿ ಬಹುಪಾಲು ಹೀಗೆಯೇ ಆಗತಕ್ಕವು ಎಂದು ಮುಂದೆ ಡಾಕ್ಟರು ಹೇಳಿದಾಗ, ದೂರುವುದಕ್ಕೆ ಶತ್ರುವೇ ಇಲ್ಲವಲ್ಲಾ ಎಂದು ನನಗೆ ನಿರಾಶೆಯಾಯಿತು.

ಮೊಣಕಾಲಿನ ರಚನೆಯನ್ನು ತಿಳಿದವನಿಗೆ ಅದು ಕೆಟ್ಟಿತೆಂಬುದಕ್ಕಿಂತ ಇಷ್ಟು ದಿನ ಕೆಡದೆ ಉಳಿಯಿತೆಂಬುದೇ ಆಶ್ಚರ್ಯವಾಗಿ ತೋರುವುದು. ಶರೀರದ ಕೀಲುಗಳಲ್ಲೆಲ್ಲ ದೊಡ್ಡದು ಇದು. ಮೇಲಿನಿಂದ ಬರುವ ತೊಡೆಯೆಲುಬಿನ ತುದಿ ದುಂಡಗಿನ ಎರಡು ಗುಬುಟುಗಳಾಗಿ ಮುಗಿದಿದೆ. ಕೆಳಗಾಲಿನ ಎಲುಬಿನ ನೆತ್ತಿಯೋ ಹೆಚ್ಚು ಕಡಮೆ ಚಪ್ಪಟೆ. ದುಂಡನೆಯ ವಸ್ತುವೊಂದು ಚಪ್ಪಟೆಯ ನೆಲದ ಮೇಲೆ ನಿಲ್ಲಬೇಕಾದರೆ ನಮ್ಮ ಹೆಂಗಸರು ನೀರು ತುಂಬಿದ ಕೊಡದ ಅಡಿಗೆ ಸಿಂಬಿಯನ್ನಿಡುವಂತೆ ಏನನ್ನಾದರೂ ಇಡಬೇಕಷ್ಟೆ. ಸೃಷ್ಟಿಕರ್ತನೂ ಅದನ್ನೇ ಮಾಡಿ, ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳನ್ನು ಎಲುಬುಗಳ ನಡುವೆ ಸುತ್ತಿಟ್ಟಿದ್ದಾನೆ. ಹೊರಗಿನ ಬಿಗಿತಕ್ಕಾಗಿ ಎಡಬಲಗಳಲ್ಲಿ ಒಂದೊಂದು ಕಟ್ಟು. ಒಳಗೆ, ಕೀಲಿನ ಗರ್ಭದಲ್ಲಿ, ಒಂದನ್ನೊಂದು ಅಡ್ಡ ಹಾಯ್ದು ಕತ್ತರಿಯಾಕಾರದಲ್ಲಿ ನಿಂತಿರುವ ಮತ್ತೆರಡು ಕಟ್ಟುಗಳು. ಈ ಕತ್ತರಿಯ ಮುಂದಿನ ಎಳೆಯೇ ಆಟಗಾರರ ಬಾಯಲ್ಲಿ ಎ.ಸಿ.ಎಲ್. ಎಂದು ಕರೆಯಿಸಿಕೊಳ್ಳುವ ಲಿಗಮೆಂಟು. ಕೆಳಗಾಲಿನ ಎಲುಬು ತೊಡೆಯೆಲುಬನ್ನು ಬಿಟ್ಟು ಮುಂದಕ್ಕೆ ಜಾರದಂತೆಯೂ ಅಡ್ಡಾದಿಡ್ಡಿ ತಿರುಗದಂತೆಯೂ ಹಿಡಿದಿಡುವುದು ಇದರ ಕರ್ತವ್ಯ. ನನ್ನಲ್ಲಿ ಹರಿದದ್ದು ಇದೇ. ಎಲುಬು ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಸೀಳಿದರೆ ಬೆಸೆದುಕೊಳ್ಳುತ್ತದೆ. ಕೀಲುದ್ರವದ ನಡುವೆ ನಿಂತಿರುವ ಈ ಕಟ್ಟು ಒಮ್ಮೆ ಪೂರ್ತಿಯಾಗಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಅಪರೂಪ.

ಆದರೆ ಇದು ನನಗೆ ತಿಳಿಯುವುದಕ್ಕೆ ಮುಂಚೆ ಬಂಧುಮಿತ್ರರ ವೈದ್ಯಕೀಯವೊಂದಿತ್ತು. ರಾತ್ರಿಯಾಗುವಷ್ಟರಲ್ಲಿ ಮೊಣಕಾಲು ಊದಿಕೊಂಡು ತನ್ನ ಆಕಾರವನ್ನೇ ಕಳೆದುಕೊಂಡಿತು. ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿಯನ್ನು ಮುಟ್ಟಿತು. ಎದುರು ಮನೆಯ ನಿವೃತ್ತ ಶಿರಸ್ತೇದಾರರು ಬಂದು, ಕನ್ನಡಕವನ್ನು ಹಣೆಗೇರಿಸಿ, ತೋರುಬೆರಳಿನಿಂದ ಊತವನ್ನು ಎರಡು ಬಾರಿ ಒತ್ತಿ, ಕುಳಿ ಬೀಳುವುದನ್ನು ನೋಡಿ, “ಉಳುಕು, ಬರೀ ಉಳುಕು” ಎಂದು ತೀರ್ಪಿತ್ತರು. ಹಾಸನದಿಂದ ಬಂದ ಅಕ್ಕ ಕೊಬ್ಬರಿ ಎಣ್ಣೆಗೆ ಏನೇನನ್ನೋ ಸೇರಿಸಿ ಕುದಿಸಿದಳು. ಸೋದರಮಾವನವರು ಫೋನಿನಲ್ಲಿ, “ನೋಡಯ್ಯಾ, ಡಾಕ್ಟರ ಹತ್ತಿರ ಹೋದೆಯೋ, ಚಾಕು ತೆಗೀತಾರೆ. ಸುಮ್ಮನೆ ಗಾಡಿ ಮಾಡಿಕೊಂಡು ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬಾ” ಎಂದು ಅಪ್ಪಣೆ ಮಾಡಿದರು. ಆಂಧ್ರದ ಆ ಊರಿನ ಕಟ್ಟಿನ ಮಹಿಮೆಯನ್ನು ಕೇಳದ ಮನೆ ನಮ್ಮ ಸೀಮೆಯಲ್ಲಿ ವಿರಳ. ಮುರಿದ ಮೂಳೆಗೆ ಪಟ್ಟಿ ಕಟ್ಟಿಸಿಕೊಳ್ಳಲು ತಲೆಮಾರುಗಳಿಂದ ಜನ ಅಲ್ಲಿಗೆ ಹೋಗುತ್ತಿದ್ದಾರೆ. ಆದರೆ ನನ್ನಲ್ಲಿ ಮುರಿದ ಮೂಳೆಯೇ ಇರಲಿಲ್ಲ. ಊತ ಮೆಲ್ಲನೆ ಇಳಿಯಿತು, ನೋವೂ ಇಳಿಯಿತು, ನಾನು ನಡೆಯತೊಡಗಿದೆನು, ಎಲ್ಲ ವೈದ್ಯರೂ ತಂತಮ್ಮ ಔಷಧಕ್ಕೇ ಗುಣ ಕಂಡಿತೆಂದು ಸಂತೋಷಪಟ್ಟರು. ನೇರ ನಡೆಯುವಾಗ ಕಾಲು ನೆಟ್ಟಗೇ ಇತ್ತು. ಒಂದು ದಿನ ದೇವರಾಜ ಮಾರುಕಟ್ಟೆಯಲ್ಲಿ ಎದುರಿಗೆ ಬಂದ ಹೂವಿನ ಬುಟ್ಟಿಗೆ ದಾರಿಬಿಡಲು ಥಟ್ಟನೆ ಪಕ್ಕಕ್ಕೆ ತಿರುಗಿದೆನು, ನೋಡಿ. ತೊಡೆ ಒಂದು ಕಡೆಗೂ ಕೆಳಗಾಲು ಇನ್ನೊಂದು ಕಡೆಗೂ ಪ್ರಯಾಣ ಹೊರಟಂತಾಗಿ, ಸೇವಂತಿಗೆಯ ರಾಶಿಯ ಮೇಲೆ ಕುಳಿತುಬಿಟ್ಟೆನು.

ನಾನು ಕಂಡ ಮೂಳೆತಜ್ಞರು ಮಿತಭಾಷಿಗಳು. ಮಂಚದ ಮೇಲೆ ಅಂಗಾತ ಮಲಗಿಸಿ, ಮೊಣಕಾಲನ್ನು ತುಸುವೇ ಮಡಿಸಿ, ಒಂದು ಕೈಯಿಂದ ತೊಡೆಯನ್ನು ಅದುಮಿ ಹಿಡಿದು, ಮತ್ತೊಂದು ಕೈಯಿಂದ ಕೆಳಗಾಲನ್ನು ಮುಂದಕ್ಕೆಳೆದರು. ಬಲಗಾಲಿನಲ್ಲಿ ಆ ಎಳೆತ ಒಂದು ಹಂತಕ್ಕೆ ಬಂದು ತಟ್ಟನೆ ನಿಂತಿತು. ಎಡಗಾಲಿನಲ್ಲಿ ನಿಲ್ಲುವ ಎಡೆಯೇ ಇಲ್ಲದೆ ಮೆತ್ತಗೆ ಮುಂದೆ ಬಂದಿತು. ಎಂ.ಆರ್.ಐ. ಯಂತ್ರದ ಗವಿಯೊಳಗೆ ಅರ್ಧ ಗಂಟೆಯ ಹೊತ್ತು ಢಮಢಮವನ್ನು ಕೇಳಿ ಹೊರಬಂದ ಮೇಲೆ ಕಪ್ಪುಬಿಳುಪಿನ ಚಿತ್ರಗಳೂ ಅದನ್ನೇ ಹೇಳಿದವು. ಆಗ ಆ ತಜ್ಞರು ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. “ಈ ಕಾಲಿನಿಂದ ಇನ್ನು ಮುಂದೆ ನಿಮಗೆ ಏನೇನು ಆಗಬೇಕು, ಹೇಳಿ” ಎಂದರು. ಕಚೇರಿಗೆ ಹೋಗಿಬರುವುದು, ಸ್ಕೂಟರು ನಡೆಸುವುದು, ಮಾರುಕಟ್ಟೆಯಿಂದ ಚೀಲ ಹೊತ್ತು ತರುವುದು, ಇಷ್ಟೇ ಆದರೆ ಶಸ್ತ್ರಚಿಕಿತ್ಸೆ ಕಡ್ಡಾಯವಲ್ಲ; ತೊಡೆಯ ಸ್ನಾಯುಗಳನ್ನು ವ್ಯಾಯಾಮದಿಂದ ಬಲಪಡಿಸಿಕೊಂಡರೆ ಹರಿದ ಲಿಗಮೆಂಟನ್ನಿಟ್ಟುಕೊಂಡೇ ಅನೇಕರು ನೆಮ್ಮದಿಯಾಗಿ ಬದುಕುತ್ತಾರೆ; ಆದರೆ ಓಡುತ್ತ ಓಡುತ್ತ ಥಟ್ಟನೆ ನಿಲ್ಲುವುದು, ತಿರುಗುವುದು, ಹಾರಿ ಇಳಿಯುವುದು ಬೇಕೆಂದರೆ ಈ ಕಟ್ಟಿಲ್ಲದೆ ಸಾಗದು; ಕೀಲು ಮತ್ತೆ ಮತ್ತೆ ಜಾರಿ, ಜಾರಿದಾಗಲೆಲ್ಲ ನಡುವಣ ಮೃದ್ವಸ್ಥಿಗಳನ್ನು ಅರೆದುಹಾಕುವುದು; ಇದು ಅವರ ವಿವರಣೆಯ ತಾತ್ಪರ್ಯ. ನಾನು ಹೆಚ್ಚು ಯೋಚಿಸಲಿಲ್ಲ. “ಆಡಬೇಕು” ಎಂದೆನು.

ಈ ಒಂದು ಮಾತು ಮನೆಯಲ್ಲಿ ಎಬ್ಬಿಸಿದ ಕೋಲಾಹಲವನ್ನು ಏನೆಂದು ಹೇಳಲಿ! “ರೀ, ನಡೆಯೋಕೆ ಬರುತ್ತಲ್ಲ, ಅಷ್ಟು ಸಾಲದೆ? ಈ ವಯಸ್ಸಿನಲ್ಲಿ ಇನ್ನು ಯಾವ ಕಪ್ಪು ಗೆಲ್ಲಬೇಕಾಗಿದೆ ನಿಮಗೆ?” ಎಂದಳು ನನ್ನಾಕೆ. ತಾಯಿಯವರು ಜಪಸರವನ್ನು ಮಡಿಲಲ್ಲಿಟ್ಟು, “ಅಲ್ವೋ ಮಗು, ಬಿದ್ದು ಕಾಲು ಮುರಿದುಕೊಂಡೋರು ಆಸ್ಪತ್ರೆಗೆ ಹೋಗೋದು ಸರಿ, ಓಡಾಡಿಕೊಂಡು ಇರೋ ಕಾಲನ್ನ ದುಡ್ಡು ಕೊಟ್ಟು ಕೊಯ್ಯಿಸಿಕೊಳ್ಳೋದು ಯಾವ ಶಾಸ್ತ್ರವೋ?” ಎಂದು ಕೇಳಿದರು. ಪ್ರಶ್ನೆಗಳು ನ್ಯಾಯವಾದವು. ರೋಗ ವಾಸಿಯಾಗಲೆಂದು, ಪ್ರಾಣ ಉಳಿಯಲೆಂದು, ಹೋಗಲಿ, ಹೊಟ್ಟೆಪಾಡಿಗೆ ಕುತ್ತು ಬಾರದಿರಲೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಲೋಕರೂಢಿ. ಸಂಜೆಯ ಹೊತ್ತು ಗರಿಯ ಚೆಂಡೊಂದನ್ನು ಬಲೆಯ ಆಚೆಗೆ ದಾಟಿಸುವುದಕ್ಕಾಗಿ ಎಲುಬಿನಲ್ಲಿ ತೂತು ಕೊರೆಯಿಸಿಕೊಳ್ಳುವುದೆಂದರೆ ಅದಕ್ಕೆ ಸಮರ್ಥನೆಯಾದರೂ ಎಲ್ಲಿಂದ ತರುವುದು?

ಆರೋಗ್ಯಕ್ಕಾಗಿ ಆಡುತ್ತೇನೆಂದು ನಾನು ಹೇಳಬಹುದಾಗಿತ್ತು, ಹೇಳಲಿಲ್ಲ. ಆರೋಗ್ಯವಷ್ಟೇ ಬೇಕಾದವನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆದು, ಪಕ್ಷಿಗಳನ್ನು ನೋಡಿ, ಮನೆಗೆ ಬಂದು ಕಾಫಿ ಕುಡಿಯಬಹುದು. ಆಡುವವನು ಆಡುವುದು ಆಟಕ್ಕಾಗಿ. ಹಗಲೆಲ್ಲ ಕಡತಗಳ ನಡುವೆ ಒಂದು ತೀರ್ಮಾನಕ್ಕೆ ತಿಂಗಳುಗಟ್ಟಲೆ ಕಾಯುವ ಮನುಷ್ಯನಿಗೆ, ತಾನು ತೀರ್ಮಾನಿಸಿದ ಕ್ಷಣದಲ್ಲಿಯೇ ಕೈ ಬೀಸಿ, ಬೀಸಿದ ಕ್ಷಣದಲ್ಲಿಯೇ ಫಲವನ್ನು ಕಾಣುವ ಒಂದು ಜಗತ್ತು ಆ ಬಿಳಿಗೆರೆಗಳ ನಡುವೆ ಸಿಕ್ಕುತ್ತದೆ. ಅಲ್ಲಿ ಅವನು ಯಾರ ಮಗನೂ ಅಲ್ಲ, ಯಾರ ಅಧೀನದ ಅಧಿಕಾರಿಯೂ ಅಲ್ಲ. ಗುಮಾಸ್ತನು ಮೇನೇಜರನನ್ನು ಸೋಲಿಸಿದರೆ ಮೇನೇಜರನೇ ಕೈಕುಲುಕಬೇಕು. ಪ್ರಯೋಜನದ ಲೆಕ್ಕಕ್ಕೆ ಸಿಕ್ಕದ ಈ ಸುಖವನ್ನು ಅನುಭವಿಸಬಲ್ಲ ಶರೀರ, ಕೇವಲ ನಡೆದಾಡಬಲ್ಲ ಶರೀರಕ್ಕಿಂತ ಬೇರೆಯಾದದ್ದು. ಅದನ್ನು ಮರಳಿ ಪಡೆಯಬೇಕೆಂಬ ಆಸೆ ಹಾಡುವವನು ಕಂಠವನ್ನು ಮರಳಿ ಬಯಸುವಷ್ಟೇ ಸಹಜವಾದದ್ದು. ಇದನ್ನೆಲ್ಲ ತಾಯಿಯವರಿಗೆ ವಿವರಿಸಿದೆನು. ಅವರು ಪೂರ್ತಿ ಕೇಳಿ, “ಹಾಗಾದರೆ ಒಳ್ಳೆ ದಿನ ನೋಡಿ ಮಾಡಿಸಿಕೋ” ಎಂದರು.

ಈ ಚಿಕಿತ್ಸೆಯ ಪೂರ್ವಚರಿತ್ರೆಯನ್ನು ಹುಡುಕಿ ಓದುತ್ತ ಕುಳಿತಾಗ ಒಂದು ಸಂಗತಿ ನನ್ನನ್ನು ಸ್ವಲ್ಪ ಸಂಕೋಚಕ್ಕೀಡುಮಾಡಿತು. ಮೊಣಕಾಲಿನೊಳಗಿನ ಕತ್ತರಿಕಟ್ಟುಗಳನ್ನು ಹೊಲಿದು ಸರಿಪಡಿಸಿದ ಮೊದಮೊದಲಿನ ಶಸ್ತ್ರವೈದ್ಯರಲ್ಲಿ ಮೇಯೊ ರಾಬ್ಸನ್ ಎಂಬಾತ ಪ್ರಸಿದ್ಧ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಆತನ ಮುಂದೆ ಮಲಗಿದ ರೋಗಿ ಒಬ್ಬ ಗಣಿಕಾರ್ಮಿಕ. ಅವನಿಗೆ ಕಾಲು ಬೇಕಾಗಿದ್ದುದು ಮತ್ತೆ ಗಣಿಗಿಳಿದು ಅನ್ನ ಸಂಪಾದಿಸುವುದಕ್ಕೆ. ಮುಂದೆ 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಬ್ರಿಸ್ಟಲಿನ ಹೇ ಗ್ರೋವ್ಸ್ ಎಂಬ ವೈದ್ಯ ಹರಿದುದನ್ನು ಹೊಲಿಯುವ ಬದಲು ರೋಗಿಯ ತೊಡೆಯ ಹೊರಮಗ್ಗುಲಿನ ಗಟ್ಟಿಪಟ್ಟಿಯೊಂದನ್ನೇ ತೆಗೆದು ಹೊಸ ಕಟ್ಟನ್ನಾಗಿ ಮಾಡಿದನು. ಇಂದಿನ ಪದ್ಧತಿಯ ಬೀಜ ಅದರಲ್ಲಿದೆ. ಅದರ ಮರುವರ್ಷ, 1918ರಲ್ಲಿ, ಟೋಕಿಯೊದಲ್ಲಿ ಕೆಂಜಿ ತಕಾಗಿ ಎಂಬ ಪ್ರಾಧ್ಯಾಪಕ ಮೂತ್ರಕೋಶವನ್ನು ನೋಡುವ ಕೊಳವೆಯೊಂದನ್ನು ಶವದ ಮೊಣಕಾಲಿನೊಳಗೆ ತೂರಿಸಿ ನೋಡಿದನು. ಮಂಡಿ ಮಡಿಸಿ ಚಾಪೆಯ ಮೇಲೆ ಕುಳಿತುಕೊಳ್ಳುವುದೇ ಸದಾಚಾರವಾಗಿದ್ದ ಆ ನಾಡಿನಲ್ಲಿ ಕ್ಷಯರೋಗದಿಂದ ಮೊಣಕಾಲು ಸೆಟೆದುಹೋಗುವುದೆಂದರೆ ಸಮಾಜದಲ್ಲಿ ಕೂರುವ ಯೋಗ್ಯತೆಯನ್ನೇ ಕಳೆದುಕೊಂಡಂತೆ. ರೋಗವನ್ನು ಮೊದಲೇ ಕಂಡುಹಿಡಿಯಬೇಕೆಂಬ ಹಂಬಲ ಅವನನ್ನು ಆ ಸಾಹಸಕ್ಕೆಳೆಯಿತು. ಅವನ ಶಿಷ್ಯ ಮಸಾಕಿ ವಾತನಬೆ ಆ ಉಪಕರಣವನ್ನು ಪರಿಷ್ಕರಿಸುತ್ತ ಹೋಗಿ, 1962ರಲ್ಲಿ ಅದರ ಮೂಲಕವೇ ಹರಿದ ಮೃದ್ವಸ್ಥಿಯನ್ನು ಕತ್ತರಿಸಿ ತೆಗೆದನು. ಒಬ್ಬನ ಕಲ್ಲಿದ್ದಲು, ಇನ್ನೊಬ್ಬನ ಚಾಪೆ, ಇವುಗಳಿಗಾಗಿ ಹುಟ್ಟಿದ ವಿದ್ಯೆಯನ್ನು ನಾನು ಶಟಲ್ ಆಟಕ್ಕಾಗಿ ಬೇಡಹೊರಟಿದ್ದೆನು.

ಶಸ್ತ್ರಚಿಕಿತ್ಸೆಯ ದಿನ ಬೆನ್ನೆಲುಬಿನ ಕೆಳಭಾಗದಲ್ಲಿ ಸೂಜಿಯೊಂದು ಹೊಕ್ಕು ಹೊರಬಂದ ಸ್ವಲ್ಪ ಹೊತ್ತಿಗೆ ಸೊಂಟದಿಂದ ಕೆಳಗಿನ ನಾನು ಇಲ್ಲವಾದೆನು. ದಾದಿಯೊಬ್ಬಳು ಒಂದು ಕಾಲನ್ನು ಮೇಲೆತ್ತಿ ಕಂದುಬಣ್ಣದ ಔಷಧ ಹಚ್ಚುತ್ತಿದ್ದಳು. ಆ ಕಾಲು ಯಾರದೆಂದು ನೋಡಿದರೆ ನನ್ನದೇ. ಅರಿವಳಿಕೆಯ ವೈದ್ಯರು ತಲೆಯ ಬಳಿ ನಿಂತು, “ಯಾವ ಆಟ ಸಾರ್?” ಎಂದು ವಿಚಾರಿಸಿ, ಶಟಲ್ ಎಂದಾಗ, “ಕಬಡ್ಡಿಯವರು ಜಾಸ್ತಿ ಬರ್ತಾರೆ” ಎಂದರು. ಇಷ್ಟವಿದ್ದರೆ ನೋಡಬಹುದೆಂದು ಪರದೆಯೊಂದನ್ನು ನನ್ನ ಕಡೆಗೆ ತಿರುಗಿಸಿದರು. ಪೆನ್ಸಿಲಿನಷ್ಟು ದಪ್ಪದ ಕೊಳವೆಯ ತುದಿಯ ಕಣ್ಣು ನನ್ನ ಮೊಣಕಾಲಿನೊಳಗೆ ಸಂಚರಿಸುತ್ತಿತ್ತು. ದಂತದ ಬಿಳುಪಿನ ಎಲುಬಿನ ತುದಿಗಳು ನಯವಾಗಿ ಹೊಳೆಯುತ್ತಿದ್ದವು. ಒಳಗೆ ಹಾಯಿಸಿದ ಸಲೈನ್ ನೀರಿನಲ್ಲಿ ಹರಿದ ಲಿಗಮೆಂಟಿನ ಎಳೆಗಳು ಬುಡಗಡಿದು ಓಲಾಡುತ್ತಿದ್ದವು. ವರ್ಷಗಟ್ಟಲೆ ನನ್ನನ್ನು ಹೊತ್ತು ಕುಣಿಸಿದ ವಸ್ತುವನ್ನು ಮೊದಲ ಸಲ ಕಂಡದ್ದು ಅದು ನಾಶವಾದ ಮೇಲೆ. ಮೊಣಕಾಲಿನ ಕೆಳಗೆ ಒಳಬದಿಯಲ್ಲಿ ಸಣ್ಣದೊಂದು ಸೀಳು ಮಾಡಿ, ತೊಡೆಯ ಹಿಂಬದಿಯ ಎರಡು ಸ್ನಾಯುರಜ್ಜುಗಳನ್ನು ಅಲ್ಲಿಂದಲೇ ಸೆಳೆದುತೆಗೆದರು; ಪಕ್ಕದ ಮೇಜಿನಲ್ಲಿ ಕಿರಿಯ ವೈದ್ಯನೊಬ್ಬ ಅವುಗಳಿಗೆ ಅಂಟಿದ ಮಾಂಸವನ್ನು ಹೆರೆದು, ಮಡಿಸಿ ನಾಲ್ಕೆಳೆ ಮಾಡಿ, ತುದಿಗಳನ್ನು ದಾರದಿಂದ ಹೊಲಿದು, ದಪ್ಪವನ್ನು ಅಳೆದು, “ಎಂಟು ಮಿಲಿಮೀಟರ್” ಎಂದು ಕೂಗಿ ಹೇಳಿದನು. ಆಮೇಲೆ ಬಡಗಿಯ ಮನೆಯಲ್ಲಿ ಕೇಳಬರುವಂತಹ ಕೊರೆಯುವ ಸದ್ದು. ಮೇಲಿನ ಎಲುಬಿನಲ್ಲೊಂದು, ಕೆಳಗಿನ ಎಲುಬಿನಲ್ಲೊಂದು ಸುರಂಗ. ಎರಡರ ಮೂಲಕ ಹೊಸ ಕಟ್ಟನ್ನು ಎಳೆದು, ಮೇಲ್ತುದಿಯನ್ನು ಲೋಹದ ಪುಟ್ಟ ಗುಂಡಿಯಿಂದಲೂ ಕೆಳತುದಿಯನ್ನು ತಿರುಪಿನಿಂದಲೂ ಬಿಗಿದರು. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಮುಗಿದಿತ್ತೆಂದು ತಿಳಿಯುವುದು ವೈದ್ಯರ ಮಟ್ಟಿಗೆ ಸತ್ಯ. ರೋಗಿಗೆ ಅದು ಆರಂಭ. ಮರುದಿನವೇ ಫಿಸಿಯೋಥೆರಪಿಯ ಹುಡುಗಿ ಬಂದು, ಟವೆಲನ್ನು ಸುರುಳಿ ಸುತ್ತಿ ಮೊಣಕಾಲಿನಡಿಗಿಟ್ಟು, “ಸಾರ್, ತೊಡೆ ಬಿಗಿ ಮಾಡಿ ಟವೆಲನ್ನ ಕೆಳಗೆ ಒತ್ತಿ” ಎಂದಳು. ಇಷ್ಟೆಯೇ ಎಂದುಕೊಂಡು ಒತ್ತಹೊರಟರೆ, ತೊಡೆ ನನ್ನ ಆಜ್ಞೆಯನ್ನು ಕೇಳಿಸಿಕೊಳ್ಳಲೇ ಇಲ್ಲ. ಹಲ್ಲು ಕಚ್ಚಿದೆನು, ಮುಷ್ಟಿ ಬಿಗಿದೆನು, ಹುಬ್ಬು ಗಂಟಿಕ್ಕಿದೆನು. ಶರೀರದಲ್ಲಿರುವ ಸ್ನಾಯುಗಳೆಲ್ಲ ಬಿಗಿದುಕೊಂಡವು, ಬೇಕಾದದ್ದೊಂದರ ಹೊರತು. ಕೀಲು ಊದಿಕೊಂಡಿರುವಾಗ ಅಲ್ಲಿಂದ ಹೊರಡುವ ನರಸಂದೇಶ ತೊಡೆಯ ಮುಂದಿನ ಸ್ನಾಯುವನ್ನು ತಡೆದು ಮಲಗಿಸಿಬಿಡುತ್ತದೆಯಂತೆ. ಅದನ್ನು ಎಬ್ಬಿಸುವುದು ಮೊದಲ ಪಾಠ. ಮಂಡಿಚಿಪ್ಪಿನ ಮೇಲೆ ಎರಡು ಬೆರಳಿಟ್ಟುಕೊಂಡು, ಅದು ಮೇಲಕ್ಕೆ ಸರಿಯುವುದೋ ಎಂದು ನೆಟ್ಟ ನೋಟದಿಂದ ಕಾಯುತ್ತಿದ್ದ ನನಗೆ, ಕಡೆಗೊಮ್ಮೆ ಅದು ಎಳ್ಳಿನ ಮೊನೆಯಷ್ಟು ಅಲುಗಿದಾಗ ಉಂಟಾದ ಹರ್ಷವನ್ನು ಯಾವ ಪಂದ್ಯದ ಗೆಲುವೂ ಕೊಟ್ಟಿರಲಿಲ್ಲ. ಮುಂದಿನದೆಲ್ಲ ಇದೇ ಧಾಟಿ: ಕಾಲನ್ನು ನೆಟ್ಟಗೆ ಮೇಲೆತ್ತುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಡಿಸುವುದು, ಊರುಗೋಲಿನಲ್ಲಿ ಮೆಟ್ಟಿಲೇರುವಾಗ ಗಟ್ಟಿಗಾಲನ್ನೂ ಇಳಿಯುವಾಗ ನೊಂದ ಕಾಲನ್ನೂ ಮೊದಲು ಇಡುವುದು. ವಾರಕ್ಕೊಮ್ಮೆ ಆ ಹುಡುಗಿ ಟೇಪು ಹಿಡಿದು ತೊಡೆಗಳ ಸುತ್ತಳತೆ ನೋಡುವಳು. ಬೇಟೆನಾಯಿಯಂತೆ ಸೊರಗಿದ ಎಡತೊಡೆಯನ್ನು ಕಂಡು ನಾನು ಮುಖ ತಿರುಗಿಸುವೆನು. ಅವಳು, “ಬರುತ್ತೆ ಸಾರ್, ಇನ್ನೊಂದ್ಸಲ ಹತ್ತು ಮಾಡಿ” ಎನ್ನುವಳು. ಎದುರಾಳಿಯಿಲ್ಲ, ಅಂಕಗಳಿಲ್ಲ, ಚಪ್ಪಾಳೆಯಿಲ್ಲ. ಶ್ರಮವನ್ನೇ ಪ್ರೀತಿಸುತ್ತೇನೆಂದು ನಂಬಿಕೊಂಡ ಆಟಗಾರನಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆಯಿಲ್ಲ.

ಮೊಣಕಾಲು ಎಷ್ಟು ಮಡಿದರೆ ಸಾಕು ಎಂಬ ವಿಷಯದಲ್ಲಿ ನಮ್ಮ ದೇಶಕ್ಕೂ ಮೇಜು ಕುರ್ಚಿಗಳ ದೇಶಕ್ಕೂ ಅಂತರವಿದೆ. ಕುರ್ಚಿಯಲ್ಲಿ ಕೂರುವುದಕ್ಕೆ 90 ಡಿಗ್ರಿಯ ಆಸುಪಾಸು ಸಾಕು. ಆದರೆ ಪಂಕ್ತಿಯಲ್ಲಿ ಚಕ್ಕಂಬಕ್ಕಳ ಹಾಕಿ ಬಾಳೆಯೆಲೆಯ ಮುಂದೆ ಕೂರಬೇಕಾದವನು, ತುಳಸಿಕಟ್ಟೆಯ ಮುಂದೆ ಮಂಡಿಯೂರಿ ನಮಸ್ಕರಿಸಬೇಕಾದವನು, ಹಿತ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳಬೇಕಾದವನು ಅಷ್ಟಕ್ಕೆ ತೃಪ್ತನಾಗಲಾರನು. ಗರಡಿಮನೆಯಲ್ಲಿ ಬಸ್ಕಿ ಹೊಡೆದು ಬೆಳೆದ ಮೈಸೂರಿನ ಹಿರಿಯ ಪೈಲ್ವಾನರಿಗೆ ಇದು ನಗೆಯ ವಿಷಯವಾಗಿ ತೋರಬಹುದು. ಕೋನಮಾಪಕವನ್ನು ಕೀಲಿನ ಮೇಲಿಟ್ಟು, “ನೂರಾ ಹತ್ತು” ಎಂದು ಆ ಹುಡುಗಿ ಹೇಳಿದ ದಿನ ನನ್ನ ಮನಸ್ಸಿನಲ್ಲಿ ಮೂಡಿದ್ದು ಶಟಲ್ ಕೋರ್ಟಲ್ಲ, ಸೋದರಸೊಸೆಯ ಮದುವೆಯ ಪಂಕ್ತಿ. ಆ ಮದುವೆಯಲ್ಲಿ ನನ್ನನ್ನು ವೃದ್ಧರ ಸಾಲಿನ ಮೇಜಿಗೆ ಕರೆದೊಯ್ದು ಕೂರಿಸಿದರು. ಒಬ್ಬಟ್ಟಿಗೆ ತುಪ್ಪ ಬಡಿಸುವವನು ನನ್ನನ್ನೂ “ಅಜ್ಜಾ” ಎಂದನು.

ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ನೋವು ಮಾಯವಾಗುವ ಕಾಲವೇ ಅಪಾಯದ ಕಾಲ. ತೊಡೆಯಿಂದ ಕಿತ್ತು ಕೀಲಿನಲ್ಲಿ ನೆಟ್ಟ ರಜ್ಜುವಿಗೆ ಮೊದಲಿಗೆ ರಕ್ತಸಂಚಾರವಿಲ್ಲ. ಅದರ ಹಳೆಯ ಜೀವಕೋಶಗಳು ಸಾಯುತ್ತವೆ. ಹೊಸ ರಕ್ತನಾಳಗಳು ಬೆಳೆದು, ಹೊಸ ಕೋಶಗಳು ನೆಲಸಿ, ರಜ್ಜು ತನ್ನ ಹಳೆಯ ಸ್ವಭಾವವನ್ನು ತೊರೆದು ಲಿಗಮೆಂಟಿನ ಸ್ವಭಾವವನ್ನು ಕಲಿಯುವುದಕ್ಕೆ ವರ್ಷ ಹಿಡಿಯುತ್ತದೆ, ಹೆಚ್ಚೂ ಹಿಡಿಯಬಹುದು. ಈ ಸ್ಥಿತ್ಯಂತರದ ನಡುವೆ, ಎರಡು ಮೂರನೆಯ ತಿಂಗಳುಗಳ ಹೊತ್ತಿಗೆ, ಅದು ತನ್ನ ಆಯುಸ್ಸಿನಲ್ಲೇ ಅತ್ಯಂತ ದುರ್ಬಲವಾಗಿರುತ್ತದೆ. ರೋಗಿಯೋ ಅದೇ ಹೊತ್ತಿಗೆ ಊರುಗೋಲನ್ನು ಅಟ್ಟಕ್ಕೆ ಹಾಕಿ, ಗಾಯ ಮಾದುದನ್ನು ನೋಡಿ, ‘ನನಗೇನಾಗಿದೆ’ ಎಂದು ಬೂಟು ಹುಡುಕತೊಡಗುತ್ತಾನೆ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೊ ಸಂಶೋಧಕರು ಕೂಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಆತುರಕ್ಕೆ ತಕ್ಕ ಉತ್ತರವನ್ನು ಕೊಟ್ಟಿದೆ: ಒಂಬತ್ತು ತಿಂಗಳು ತುಂಬುವವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಇಳಿಯಿತು. ಒಂಬತ್ತು ತಿಂಗಳೆಂಬ ಲೆಕ್ಕವನ್ನು ಕೇಳಿ ತಾಯಿಯವರು, “ಮತ್ತೆ, ಹುಟ್ಟೋದು ಅಂದರೆ ಅಷ್ಟು ದಿನ ಬೇಡವೇನೋ?” ಎಂದರು. ಕ್ಯಾಲೆಂಡರಿನ ಲೆಕ್ಕವೊಂದೇ ಸಾಲದು. ಚಿಕಿತ್ಸೆಯಾದ ಕಾಲು ಒಂಟಿಯಾಗಿ ಎಷ್ಟು ದೂರ ಹಾರಬಲ್ಲುದು, ಎಷ್ಟು ಭಾರ ಎತ್ತಬಲ್ಲುದು ಎಂಬುದು ಇನ್ನೊಂದು ಕಾಲಿನ ನೂರಕ್ಕೆ 90 ಪಾಲನ್ನಾದರೂ ಮುಟ್ಟಬೇಕೆಂಬುದು ಈಗಿನ ಪದ್ಧತಿ.

ಕಾಯುವ ಕಾಲದಲ್ಲಿ ನಾನು ಸಂಜೆಗಳನ್ನು ಕೋರ್ಟಿನ ಪಕ್ಕದ ಸಿಮೆಂಟಿನ ಬೆಂಚಿನ ಮೇಲೆ ಕಳೆದೆನು. ಅಂಕಗಳನ್ನೆಣಿಸುವ ಕೆಲಸವನ್ನು ಮಿತ್ರರು ಕೃಪೆಯಿಟ್ಟು ನನಗೆ ವಹಿಸಿದರು. ಆಡುತ್ತಿರುವಾಗ ಕಾಣದ ಎಷ್ಟೋ ವಿಷಯಗಳು ಹೊರಗೆ ಕುಳಿತವನಿಗೆ ಕಾಣುತ್ತವೆ. ಹಾರಿದವರೆಲ್ಲ ಮೇಲೇರುವುದರಲ್ಲಿ ಜಾಣರು, ಇಳಿಯುವುದರಲ್ಲಿ ಯಾರಿಗೂ ಲಕ್ಷ್ಯವಿಲ್ಲ. ಒಂಟಿಕಾಲಿನ ಮೇಲೆ, ಮೊಣಕಾಲು ಒಳಕ್ಕೆ ವಾಲಿ, ದೊಪ್ಪನೆ ನೆಲಕ್ಕೆ ಬರುತ್ತಾರೆ. ದಿನವಿಡೀ ಕುರ್ಚಿಯಲ್ಲಿ ಕುಳಿತ ಮನುಷ್ಯ ಕಾರಿನಿಂದಿಳಿದು, ಬೂಟಿನ ದಾರ ಬಿಗಿದು, ಮರುಗಳಿಗೆಯೇ ಪೂರ್ಣಬಲದಿಂದ ಸ್ಮ್ಯಾಷ್ ಹೊಡೆಯುತ್ತಾನೆ. ಸಂಗೀತಗಾರನಾದರೂ ಶ್ರುತಿ ಹಿಡಿದು ಕುಳಿತ ಮೇಲೆ ಹಾಡುತ್ತಾನೆ, ಇವನಿಗೆ ಆ ತಾಳ್ಮೆಯೂ ಇಲ್ಲ. ಫುಟ್‌ಬಾಲಿನವರು ‘ಫಿಫಾ 11+’ ಎಂಬ ಹೆಸರಿನ ಪೂರ್ವಾಭ್ಯಾಸವೊಂದನ್ನೇ ರೂಪಿಸಿದ್ದಾರೆ: ಮೆಲ್ಲನೆಯ ಓಟ, ತೊಡೆ ಸೊಂಟಗಳ ಬಲಾಭ್ಯಾಸ, ಸಮತೋಲನ, ಹಾರಿ ಮೆತ್ತಗೆ ಇಳಿಯುವ ರೀತಿ, ಇವೆಲ್ಲ ಸುಮಾರು 20 ನಿಮಿಷಗಳಲ್ಲಿ ಮುಗಿಯತಕ್ಕವು, ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಪೆಟ್ಟುಗಳು ಕಡಮೆಯಾದುದನ್ನು ಪರೀಕ್ಷೆಗಳು ತೋರಿಸಿವೆ.

ಪ್ರಸಿದ್ಧ ಆಟಗಾರರ ಉದಾಹರಣೆಗಳನ್ನು ಹೇಳಿ ನನ್ನನ್ನು ಹುರಿದುಂಬಿಸಿದವರು ಅನೇಕರು. ಸೈನಾ ನೆಹ್ವಾಲ್ 2016ರ ರಿಯೊ ಒಲಿಂಪಿಕ್ಸಿನ ಬಳಿಕ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮರುವರ್ಷ ಗ್ಲಾಸ್ಗೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು; ಅದೇ ರಿಯೊದಲ್ಲಿ ಕುಸ್ತಿಯ ಅಖಾಡದಿಂದ ಸ್ಟ್ರೆಚರಿನ ಮೇಲೆ ಹೊರಬಂದ ವಿನೇಶ್ ಫೋಗಟ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು; ಮೊಣಕಾಲಿನ ಸ್ನಾಯುರಜ್ಜು ಹರಿದು ಮುಗಿದೇಹೋದನೆನ್ನಿಸಿಕೊಂಡ ಬ್ರೆಜಿಲಿನ ರೊನಾಲ್ಡೊ 2002ರ ವಿಶ್ವಕಪ್ಪಿನಲ್ಲಿ ಎಂಟು ಗೋಲು ಹೊಡೆದದ್ದು; ಇವೆಲ್ಲ ಉತ್ತೇಜಕವಾದ ಕಥೆಗಳೇ. ಆದರೆ ಅವರಿಗೆ ಮರಳುವುದಕ್ಕೆ ದೇಶವಿತ್ತು, ಪದಕವಿತ್ತು, ಜೀವನೋಪಾಯವಿತ್ತು. ಸಂಜೆಯ ಆಟಗಾರನಿಗೆ ಇವೊಂದೂ ಇಲ್ಲ. ಅವನು ಮರಳಿದರೆ ಪತ್ರಿಕೆಯಲ್ಲಿ ಸುದ್ದಿಯಾಗದು, ಮರಳದಿದ್ದರೆ ಯಾರೂ ಕೇಳರು. ಆದರೂ ಅವನು ಅದೇ ಟವೆಲನ್ನು ಅದೇ ಶ್ರದ್ಧೆಯಿಂದ ಒತ್ತುತ್ತಾನೆಂದರೆ, ಆಟದ ಮೇಲಣ ಪ್ರೀತಿಗೆ ಇವನಿಗಿಂತ ಶುದ್ಧವಾದ ಸಾಕ್ಷಿ ಬೇರೆ ಇರಲಾರದೆಂದು, ಪಕ್ಷಪಾತದ ಆರೋಪಕ್ಕೆ ಹೆದರದೆ, ನಾನು ಹೇಳಬಲ್ಲೆನು.

ನಾನೀಗ ಮತ್ತೆ ಅಂಗಳಕ್ಕಿಳಿದಿದ್ದೇನೆ. ಡಬಲ್ಸ್ ಆಡುತ್ತೇನೆ, ಹಿಂಬದಿಯ ಎಡಮೂಲೆಗೆ ಬಂದ ಶಟಲನ್ನು ಜೊತೆಗಾರನಿಗೆ ಬಿಟ್ಟುಕೊಡುವ ಔದಾರ್ಯವನ್ನು ರೂಢಿಸಿಕೊಂಡಿದ್ದೇನೆ. ಚಳಿಗಾಲದ ಬೆಳಗಿನಲ್ಲಿ ಎಡಮೊಣಕಾಲು ತನ್ನ ಇರವನ್ನು ನೆನಪಿಸುತ್ತದೆ. ಬಲಗಾಲಿನಷ್ಟು ಅದು ಮಡಿಯದು. ಪಂಕ್ತಿಯಲ್ಲಿ ಕೂರಬಲ್ಲೆನು, ಏಳುವಾಗ ಮಾತ್ರ ಪಕ್ಕದವರ ಹೆಗಲು ಬೇಕು. ಇಷ್ಟನ್ನು ಪಡೆಯುವುದಕ್ಕಾಗಿ ಅಷ್ಟೊಂದು ಪಾಡುಪಟ್ಟದ್ದು ತಕ್ಕುದೇ ಎಂದು ಕೇಳಿದರೆ, ತಕ್ಕುದೇ ಸರಿ ಎಂಬುದು ನನ್ನ ಉತ್ತರ. ಆದ್ದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಎರಡೇ. ನಿಮ್ಮ ಮನೆಯಲ್ಲಿ ಮೊಣಕಾಲು ನೊಂದ ಆಟಗಾರನಿದ್ದರೆ, ನಡೆಯಲು ಬಂದರೆ ಸಾಲದೆ ಎಂದು ಅವನನ್ನು ಕೇಳಬೇಡಿ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಬಲ್ಲ ವೈದ್ಯರೊಡನೆ ಕೂತು ಅವನೇ ತೀರ್ಮಾನಿಸಲಿ, ತೀರ್ಮಾನಿಸಿದ ಮೇಲೆ ಒಂಬತ್ತು ತಿಂಗಳು ಅವನ ಗೊಣಗಾಟವನ್ನು ಸಹಿಸಿಕೊಳ್ಳಿ. ನೀವೇ ಆಟಗಾರರಾಗಿದ್ದರೆ, ಇಂದು ಸಂಜೆ ಬೂಟಿನ ದಾರ ಕಟ್ಟಿದ ಮೇಲೆ, ರ‍್ಯಾಕೆಟ್ಟನ್ನು ಕೈಗೆತ್ತಿಕೊಳ್ಳುವ ಮುನ್ನ, ಕಾಲು ಗಂಟೆಯಾದರೂ ಮೈಯನ್ನು ಬಿಸಿಮಾಡಿಕೊಳ್ಳಿ.